ಮೊದಲ ಮಳೆಗಾಲ ಕಳೆಯಲಿ, ಆಮೇಲೆ ಮೊಳೆ ಹೊಡೆಯಿರಿ

ಕಾಫಿಗೆ ಒಳ್ಳೆಯ ರೇಟು ಸಿಕ್ಕ ವರ್ಷದ ಬೆನ್ನಿಗೇ ಕೊಡಗಿನ ಕೊಳಕೇರಿ, ಬೇತು, ಬಲ್ಲಮಾವಟಿ ಕಡೆ ಹೊಸ ಮನೆಗಳು ಏಳುತ್ತವೆ. ಗೃಹಪ್ರವೇಶ ಮುಗಿದ ಮೇಲೆ ಮನೆಯವರು ನನ್ನಂಥ ಒಳಾಂಗಣ ಕೆಲಸದವರಲ್ಲಿ ಹೇಳಿಕೊಳ್ಳುವುದು ಹೆಚ್ಚುಕಡಿಮೆ ಒಂದೇ ಮಾತು: "ಎಲ್ಲಾ ಸರಿ ಉಂಟು, ಆದ್ರೆ ಲಾಡ್ಜಿನ ಹಾಗೆ ಕಾಣ್ತದಲ್ಲ!" ನಾಪೋಕ್ಲು ಸುತ್ತಮುತ್ತ ಈ ಕೆಲಸ ಮಾಡುತ್ತ ನಾನು ಕಂಡುಕೊಂಡದ್ದು ಇಷ್ಟು.

1. ಮಳೆಗೆ ಮೊದಲ ಮಾತು ಬಿಟ್ಟುಕೊಡಿ

ಹೊಸ ಗಾರೆಯ ಗೋಡೆ ಒಳಗೇ ನೀರು ಹಿಡಿದುಕೊಂಡಿರುತ್ತದೆ. ಅದು ಪೂರ್ತಿ ಆರುವ ಮೊದಲೇ ಜೂನ್ ಬಂದುಬಿಡುತ್ತದೆ. ನಮ್ಮಲ್ಲಿ ಮಳೆ ನೈಋತ್ಯದ ಗಾಳಿಯ ಜೊತೆ ಓರೆಯಾಗಿ ಬಡಿಯುವುದರಿಂದ ಪಡುವಣ ಗೋಡೆಗಳಿಗೆ ಪೆಟ್ಟು ಹೆಚ್ಚು. ಆಗಸ್ಟ್‌ನಲ್ಲಿ ಒಂದು ದಿನ ಪ್ರತಿ ಗೋಡೆಗೂ ಅಂಗೈ ಒತ್ತಿ ನೋಡಿ, ತಂಡಿ ಹಿಡಿದ ಕಡೆ ಪೆನ್ಸಿಲ್ ಗುರುತು ಹಾಕಿ. ಅಲ್ಲಿ ಪ್ಲೈವುಡ್ ಬೀರು, ಪುಸ್ತಕದ ಕಪಾಟು ಬೇಡ. ಬೇರೆ ಕಡೆಯೂ ಮರದ ಸಾಮಾನನ್ನು ಗೋಡೆಯಿಂದ ಎರಡು ಮೂರು ಇಂಚು ದೂರ ಇಡಿ. ಫೋಟೋ ಫ್ರೇಮಿನ ಹಿಂಬದಿಯ ಮೂಲೆಗಳಿಗೆ ರಬ್ಬರ್ ತುಂಡು ಅಂಟಿಸಿದರೆ ಗಾಳಿಯಾಡುತ್ತದೆ, ಅಜ್ಜನ ಮುಖಕ್ಕೆ ಬೂಷ್ಟು ಹಿಡಿಯುವುದಿಲ್ಲ. ವಾಲ್‌ಪೇಪರ್, ಚರ್ಮದ ಸೋಫಾ ಎರಡೂ ಬೆಂಗಳೂರಿನ ಫ್ಲ್ಯಾಟಿಗೆ ಇರಲಿ.

2. ಐನ್‌ಮನೆಯಿಂದ ಏನು ತರಬಹುದು, ಏನು ತರಬಾರದು

ಈಗ ಎಲ್ಲರಿಗೂ "ಐನ್‌ಮನೆ ಲುಕ್" ಬೇಕು. ಬೇಕೆನ್ನುವುದು ತಪ್ಪಲ್ಲ. ಆದರೆ ಐನ್‌ಮನೆ ಇಡೀ ಒಕ್ಕಕ್ಕೆ, ಅಂದರೆ ಕುಲಕ್ಕೆ, ಸೇರಿದ ಹಿರಿಮನೆ; ನಾವು ಕಟ್ಟಿಸಿದ್ದು ಒಂದು ಸಂಸಾರದ ಮನೆ. ಕೈಮಡದ ಆಕಾರದ ಗೂಡು ಕಟ್ಟಿ ತೋಟದಲ್ಲಿ ಲೈಟು ಹಾಕುವವರನ್ನು ಕಂಡಿದ್ದೇನೆ. ಕೈಮಡ ಒಕ್ಕದ ಮೂಲಪುರುಷ ಕಾರಣವನನ್ನು ಪೂಜಿಸುವ ಜಾಗ, ಅಲಂಕಾರದ ಸಾಮಾನಲ್ಲ. ಐನ್‌ಮನೆಯ ಪೂಜೆಯ ಕೋಣೆ ಕನ್ನಿಕೋಂಬರೆಯ ಮಾತೂ ಹಾಗೆಯೇ.

ಐಮರ ಮಾತ್ರ ಧಾರಾಳವಾಗಿ ತನ್ನಿ. ಜಗಲಿಯ ಕಂಬಗಳ ನಡುವೆ ಅಗಲವಾದ ಹಲಗೆ, ಕೂರಲು ಒಂದೂವರೆ ಅಡಿ ಎತ್ತರ, ಕಾಲು ಮಡಚಿ ಕೂರುವಷ್ಟು ಅಗಲ. ಈಗ ಕೆಲವರು ಇದನ್ನು ಆರಿಂಚು ಅಗಲಕ್ಕೆ ಇಳಿಸಿ ಮೇಲೆ ಕುಂಡಗಳ ಸಾಲು ಇಡುತ್ತಾರೆ. ಕೂರಲಾಗದ ಐಮರಕ್ಕೆ ಕೊಟ್ಟ ದುಡ್ಡು ದಂಡ. ತೆರೆದ ಅಂಗಳದ ನಾಲ್ಕು ಕಂಬಗಳನ್ನು ನಕಲು ಮಾಡಿ ಮೇಲೆ ಪಾಲಿಕಾರ್ಬೊನೇಟ್ ಶೀಟು ಹೊದಿಸುವುದೂ ನನಗೆ ಒಪ್ಪಿಗೆಯಿಲ್ಲ: ಮಾರ್ಚ್‌ನಲ್ಲಿ ಸೆಕೆ, ಜುಲೈಯಲ್ಲಿ ಸೋರಿಕೆ.

ಬಡಗಿಯನ್ನು ಕರೆಯುವ ಮೊದಲು ಕಕ್ಕಬ್ಬೆ ಕಡೆಗೆ ಹೋಗಿ ನಾಲ್ಕುನಾಡು ಅರಮನೆ ನೋಡಿ ಬನ್ನಿ. ದೊಡ್ಡವೀರರಾಜೇಂದ್ರ 1792ರ ಸುಮಾರಿಗೆ ಕಟ್ಟಿಸಿದ್ದು. ಕೆತ್ತನೆ ಎಲ್ಲಿದೆ, ಎಲ್ಲಿ ಮರವನ್ನು ಸುಮ್ಮನೆ ಬಿಟ್ಟಿದ್ದಾರೆ ಎಂದು ಗಮನಿಸಿ. ಊರೂರು ಸುತ್ತಿ ಐನ್‌ಮನೆಗಳನ್ನು ದಾಖಲಿಸಿದ ಬೊವ್ವೇರಿಯಂಡ ನಂಜಮ್ಮ, ಚಿಣ್ಣಪ್ಪ ದಂಪತಿಯ ಪುಸ್ತಕವನ್ನೂ ಬಡಗಿಗೆ ತೋರಿಸಿ. ಇನ್ನೊಂದು ಮಾತು: ಹೆಂಚಿನ ಮಾಡೇ ನಮ್ಮ ಪರಂಪರೆ ಎನ್ನುತ್ತೇವೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅದಕ್ಕೂ ಮೊದಲು ಇಲ್ಲಿನ ಮಾಡುಗಳು ಹೆಚ್ಚಾಗಿ ಹುಲ್ಲಿನವು. ಹೊಸ ಸಾಮಾನು ಬಳಸಲು ನಾಚಿಕೊಳ್ಳಬೇಕಿಲ್ಲ.

3. ಹಬ್ಬಕ್ಕೆ ಕೊಕ್ಕೆ ಬಿಡಿ

ಈ ಕೊಕ್ಕೆಗಳನ್ನು ಯಾವ ಡಿಸೈನರೂ ಪ್ಲಾನಿನಲ್ಲಿ ತೋರಿಸುವುದಿಲ್ಲ. ಸುಗ್ಗಿಯ ಹಬ್ಬ ಪುತ್ತರಿಯ ರಾತ್ರಿ ಕದಿರು (ಹೊಸ ಭತ್ತದ ತೆನೆ) ಮನೆಗೆ ಬಂದ ಮೇಲೆ ಐದು ಬಗೆಯ ಎಲೆಗಳ ಜೊತೆ ಸೇರಿಸಿ ದೀಪಕ್ಕೆ, ಕಂಬಕ್ಕೆ, ಬಾಗಿಲಿಗೆ ಕಟ್ಟಬೇಕು. ಹೊಸ ಮನೆಯಲ್ಲಿ ಕಂಬಕ್ಕೆ ಗ್ರಾನೈಟ್, ಬಾಗಿಲಿಗೆ ಪಾಲಿಶ್, ಚಾವಣಿಗೆ ಪಿಒಪಿ. ಕಟ್ಟುವುದೆಲ್ಲಿ? ಕೊನೆಗೆ ಸೆಲೋ ಟೇಪು! ಮರದ ಕೆಲಸ ನಡೆಯುವಾಗಲೇ ಮುಂಬಾಗಿಲ ಚೌಕಟ್ಟಿನ ಮೇಲೆ, ಜಗಲಿಯ ಕಂಬಗಳಲ್ಲಿ ಸಣ್ಣ ಹಿತ್ತಾಳೆ ಕೊಕ್ಕೆ ಹಾಕಿಸಿ.

ತೂಗುದೀಪಕ್ಕೆ ಸ್ಲ್ಯಾಬ್ ಹಾಕುವಾಗಲೇ ಕಬ್ಬಿಣದ ಕೊಂಡಿ ಬಿಡಿಸಿ. ದೀಪದ ಮೇಲೆ ಪಿಒಪಿ ಬೇಡ, ಎಣ್ಣೆದೀಪದ ಹೊಗೆಗೆ ಅದು ಕಪ್ಪಾಗುತ್ತದೆ. ಐನ್‌ಮನೆಯ ನಡುಮನೆ, ಅಂದರೆ ನೆಲ್ಲಕ್ಕಿ ನಡುಬಾಡೆಯ ತೂಕ್‌ಬೊಳಕ್ (ತೂಗುದೀಪ) ದಿನವೂ ಉರಿಯುವ ದೀಪ. ಬಲ್ಬು ಸಿಕ್ಕಿಸಿದ ಹಿತ್ತಾಳೆ ದೀಪಕ್ಕಿಂತ ದಿನಾ ಹಚ್ಚುವ ಪುಟ್ಟ ದೀಪ ಮನೆಗೆ ಹೆಚ್ಚು ಕಳೆ ಕೊಡುತ್ತದೆ.

4. ಕೋವಿ ಗೋಡೆಗಲ್ಲ

ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಕೇಂದ್ರ ಅದನ್ನು 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು. ಹಾಗೆಂದು ಮಕ್ಕಳು ಓಡಾಡುವ ಹಾಲ್‌ನಲ್ಲಿ ಕೋವಿ ತೂಗುಹಾಕುವುದು ಸಲ್ಲ. ಆಯುಧಗಳನ್ನು ಪೂಜಿಸುವ ಕೈಲ್‌ಪೊಳ್ದಿನಂದು ಹೊರತೆಗೆದು ತೋಕ್‌ಪೂ (ಕೋವಿ ಹೂ) ಮುಡಿಸಿ, ಉಳಿದ ದಿನ ಬೀಗದೊಳಗೆ ಇರಲಿ.

5. ಗೋಡೆಗೆ ನಿಮ್ಮದೇ ಸರಕು

ಅಂಗಡಿಯ ಬುದ್ಧನ ಮುಖ ಇಲ್ಲಿನ ಮನೆಗಳಲ್ಲಿ ಯಾಕಿದೆ ಎಂದು ನನಗೆ ಇನ್ನೂ ಅರ್ಥವಾಗಿಲ್ಲ. ಅದರ ಬದಲು ಹಾಕಿಯನ್ನೇ ನೋಡಿ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಹಾಕಿ ಹಬ್ಬ 2023, 2024 ಎರಡೂ ವರ್ಷ ನಾಪೋಕ್ಲಿನಲ್ಲೇ ನಡೆಯಿತು. ಆಡಿದವರ ಮನೆಯಲ್ಲಿ ಹಿಡಿ ಸವೆದ ಸ್ಟಿಕ್ ಇದ್ದೇ ಇರುತ್ತದೆ, ಸಾಮಾನ್ಯವಾಗಿ ಸೌದೆ ಕೊಟ್ಟಿಗೆಯ ಮೂಲೆಯಲ್ಲಿ. ಅದನ್ನು ಒರೆಸಿ, ತಂಡದ ಫೋಟೋ ಪಕ್ಕ ಹಾಕಿ. ಅಜ್ಜಿಯ ಕಾಲದ ಪತ್ತಾಯ, ಭತ್ತ ಅಳೆಯುವ ಸೇರು, ಮಿಲಿಟರಿ ಟ್ರಂಕು ಕೂಡ ಆದೀತು. ರೊಬಸ್ಟಾ ಬೇರಿನ ಟೀಪಾಯಿ ಪ್ರತಿ ಹೋಮ್‌ಸ್ಟೇಯಲ್ಲೂ ಬಂದಾಗಿದೆ. ನಿಮ್ಮ ತೋಟದ್ದೇ ಗಿಡವಾದರೆ ಮಾತ್ರ ಇರಲಿ.

6. ಬಣ್ಣ

ನಾಲ್ಕು ತಿಂಗಳು ಹೊರಗೆ ಬೂದು ಆಕಾಶ. ಒಳಗೂ ಬೂದು ಬಳಿದರೆ ಮಂಕು ಹಿಡಿಯುತ್ತದೆ. ತಿಳಿ ಹಳದಿಯ ಕಡೆಗೆ ವಾಲುವ ಬಿಳಿ, ಕೆಂಪು ಆಕ್ಸೈಡ್ ನೆಲ. ಇಷ್ಟು ಸಾಕು.

7. ಹಳೆಯ ಮರ ಕೊಳ್ಳುವವರಿಗೆ

ಬಿಚ್ಚಿದ ಮನೆಗಳ ಹಲಸು, ತೇಗ, ಬೀಟೆಯ ತೊಲೆ ಸಿಗುತ್ತದೆ, ಹೊಸ ಮನೆಗೆ ಅದರಷ್ಟು ಗಾಂಭೀರ್ಯ ಕೊಡುವುದು ಬೇರೆ ಇಲ್ಲ. ಸುತ್ತಿಗೆಯಿಂದ ತಟ್ಟಿ ನೋಡಿ. ಸಣ್ಣ ತೂತಿನಿಂದ ಹಿಟ್ಟು ಉದುರಿದರೆ ಒಳಗೆ ಕುಟ್ಟೆ ಹುಳ ಇದೆ. ಫೆಬ್ರವರಿ, ಮಾರ್ಚ್‌ನಲ್ಲಿ ಒಣಗಿಸಿ, ಔಷಧಿ ಹೊಡೆಸಿ, ಆಮೇಲೆ ಕೊಯ್ಯಿಸಿ. ಮಾರುವವರ ಬಳಿ ಮರ ಎಲ್ಲಿಯದೆಂಬ ದಾಖಲೆಯನ್ನೂ ಅರಣ್ಯ ಇಲಾಖೆಯ ಸಾಗಣೆ ಪರವಾನಗಿಯನ್ನೂ ಕೇಳಿ. ಕೊಡಗಿನಲ್ಲಿ ಮರದ ಹಕ್ಕು ಜಮೀನು ರಿಡೀಮ್ಡ್ (ಮರದ ಬೆಲೆ ಸರ್ಕಾರಕ್ಕೆ ಕಟ್ಟಿ ಹಕ್ಕು ಬಿಡಿಸಿಕೊಂಡದ್ದು) ಆಗಿದೆಯೋ ಇಲ್ಲವೋ ಎಂಬುದರ ಮೇಲೆ ನಿಂತಿರುತ್ತದೆ. ಕಾಗದ ಇಲ್ಲದ ಬೀಟೆ ಎಷ್ಟೇ ಅಗ್ಗಕ್ಕೆ ಸಿಗಲಿ, ಮುಟ್ಟಬೇಡಿ.