ನುಗ್ಗಿದ ನೀರು, ಜಿನುಗಿದ ನೀರು

ಮಳೆಗಾಲಕ್ಕೆ ಮೊದಲು ಉಡುಪಿ ಕಡೆಯ ನಮ್ಮ ಶಂಕರಪುರದಲ್ಲಿ ಮಾಡಿನ ಹಂಚು ಸರಿಪಡಿಸುತ್ತೇವೆ, ತೋಡಿನ ಹೂಳು ತೆಗೆಸುತ್ತೇವೆ, ಮಲ್ಲಿಗೆ ಗಿಡದ ಬುಡದಲ್ಲಿ ನೀರು ನಿಲ್ಲದಂತೆ ಮಣ್ಣು ಏರಿಸುತ್ತೇವೆ. ಅದೇ ವಾರ ಕಪಾಟಿನಿಂದ ವಿಮೆ ಪಾಲಿಸಿಯನ್ನೂ ಹೊರತೆಗೆದು ಓದಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ.

2020ರ ಸೆಪ್ಟೆಂಬರ್ 20ರ ಭಾನುವಾರ ಉಡುಪಿಯ ಕಲ್ಸಂಕ, ಬೈಲಕೆರೆ, ಗುಂಡಿಬೈಲು ಕಡೆ ಮನೆಗಳಿಗೆ ನೀರು ನುಗ್ಗಿತ್ತು. ಕಲ್ಸಂಕದ ಹತ್ತಿರ ಇದ್ದ ದೊಡ್ಡಮ್ಮನ ಮನೆಯ ಕ್ಲೇಮಿನ ಕಾಗದಪತ್ರ ನಾನೇ ಬರೆದೆ. ಸರ್ವೇಯರ್ ಬಂದು ಫ್ರಿಜ್ಜು, ಮಂಚ, ವಯರಿಂಗ್ ಎಲ್ಲ ಬರೆದುಕೊಂಡರು. ಮಲಗುವ ಕೋಣೆಯ ಗೋಡೆ ನೋಡಿ ಮಾತ್ರ ತಲೆ ಅಲ್ಲಾಡಿಸಿದರು. ಆ ಗೋಡೆ ಹಾಳಾದದ್ದು ನೆರೆಯಿಂದಲ್ಲ, ವರ್ಷಗಳಿಂದ ಟೆರೇಸಿನ ಬಿರುಕಿನಲ್ಲಿ ಇಳಿದ ನೀರಿನಿಂದ.

"ಮಳೆ ಒಂದೇ ಅಲ್ವಾ ಮಗಾ? ಒಂದಕ್ಕೆ ದುಡ್ಡು ಕೊಡ್ತಾರೆ, ಇನ್ನೊಂದಕ್ಕೆ ಇಲ್ಲ ಅಂದ್ರೆ ಎಂತ?" ಎಂದರು ದೊಡ್ಡಮ್ಮ.

ವಿಮೆಯ ಲೆಕ್ಕದಲ್ಲಿ ಮಳೆ ಒಂದೇ ಅಲ್ಲ. ನೆರೆ, ಬಿರುಗಾಳಿ, ಗುಡ್ಡ ಕುಸಿತ, ಒಡೆದ ಪೈಪು, ತುಂಬಿ ಹರಿದ ಟ್ಯಾಂಕು ಇವು ಹಠಾತ್ತನೆ ಬರುವ ಹಾನಿ, ಪರಿಹಾರ ಉಂಟು. ಜಿನುಗು, ಪಾಚಿ, ಸವೆತ ಮನೆ ರಿಪೇರಿಯ ಬಾಬತ್ತು.

ಮರುವರ್ಷ, 2021ರ ಏಪ್ರಿಲ್ 1ರಿಂದ, 'ಭಾರತ್ ಗೃಹ ರಕ್ಷಾ' ಎಂಬ ಒಂದೇ ಮಾದರಿಯ ಮನೆ ವಿಮೆ ಬಂತು. ಇದು ನಮ್ಮ ಕಡೆಯವರಿಗೆ ನಿಜಕ್ಕೂ ಒಳ್ಳೆಯದು. ಕೆಂಪುಕಲ್ಲಿನ ಕಂಪೌಂಡು, ಧರೆ ಜರಿಯದಂತೆ ಕಟ್ಟಿದ ಗೋಡೆ ಕೂಡ ಕಟ್ಟಡದ ಲೆಕ್ಕಕ್ಕೆ ಸೇರುತ್ತವೆ. ಮಳೆ ಬಂದರೆ ಮೊದಲು ಬೀಳುವುದು ಅವೇ ತಾನೆ! ಕಟ್ಟಡದ ವಿಮಾ ಮೊತ್ತದ ಶೇ 20ರಷ್ಟು, ಹೆಚ್ಚೆಂದರೆ 10 ಲಕ್ಷ ರೂಪಾಯಿ, ಮನೆ ಸಾಮಾನಿಗೆ ತನ್ನಿಂತಾನೇ ಸಿಗುತ್ತದೆ. ಮೊತ್ತ ಹೇಳುವಾಗ ಜಾಗದ ಬೆಲೆ ಬೇಡ. ಅದೇ ಮನೆಯನ್ನು ಮತ್ತೆ ಕಟ್ಟಲು ತಗಲುವ ಖರ್ಚು ಹೇಳಿ. ಅಂಗಳದಾಚೆಯ ಮಲ್ಲಿಗೆ ಈ ವಿಮೆಯೊಳಗೆ ಬರುವುದಿಲ್ಲ.

ಗೃಹಸಾಲ ಇರುವವರು ಬ್ಯಾಂಕಿನಿಂದ ಪಾಲಿಸಿಯ ಪ್ರತಿ ತರಿಸಿಕೊಳ್ಳಿ. ಬಾಕಿ ಸಾಲದ ಮೊತ್ತಕ್ಕಷ್ಟೇ ವಿಮೆ ಮಾಡಿಸಿರಬಹುದು. ಮಕ್ಕಳು ಮುಂಬೈ, ದುಬೈಯಲ್ಲಿದ್ದು ಮನೆಗೆ ಬೀಗ ಬಿದ್ದಿದ್ದರೆ ಖಾಲಿ ಮನೆಯ ಷರತ್ತೇನೆಂದು ಕಂಪನಿಯಿಂದ ಬರಹದಲ್ಲೇ ಕೇಳಿ ಪಡೆಯಿರಿ.

ಕಾರಿನ ವಿಷಯ ಇನ್ನೂ ಸೂಕ್ಷ್ಮ. ಬರೀ ಥರ್ಡ್ ಪಾರ್ಟಿ ವಿಮೆ ಇದ್ದರೆ ನಿಮ್ಮ ಕಾರಿಗೆ ಒಂದು ಪೈಸೆಯೂ ಇಲ್ಲ. ಸ್ವಂತ ಹಾನಿಯ ವಿಮೆ ಇದ್ದರೆ ನೆರೆ ನೀರಿನ ನಷ್ಟ ಸಿಗುತ್ತದೆ, ಆದರೆ ನೀರಲ್ಲಿ ನಿಂತ ಕಾರಿನ ಕೀಲಿ ತಿರುಗಿಸಿದಿರೋ, ಕತೆ ಬದಲಾಯಿತು. ಎಂಜಿನ್ ನೀರನ್ನೇ ಒಳಗೆಳೆದುಕೊಳ್ಳುತ್ತದೆ. ನೀರು ಗಾಳಿಯಂತೆ ಕುಗ್ಗುವುದಿಲ್ಲ, ಒಳಗಿನ ಕನೆಕ್ಟಿಂಗ್ ರಾಡು ಬಾಗುತ್ತದೆ. ಅದು ನೆರೆಯಿಂದಾದ ಹಾನಿಯಲ್ಲ, ಸ್ಟಾರ್ಟ್ ಮಾಡಿದ್ದರಿಂದಾದದ್ದು ಎಂದು ಕಂಪನಿ ಹೇಳುತ್ತದೆ. ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆ ಇರುವುದು ಇದಕ್ಕೇ. ಝೀರೋ ಡೆಪ್ ಇದ್ದರೆ ಸಾಕೆಂದು ತಿಳಿಯಬೇಡಿ, ಅದು ಬಿಡಿಭಾಗಗಳ ಸವಕಳಿಗೆ ಮಾತ್ರ. ನೀರಿನ ಮಟ್ಟ, ನಂಬರ್ ಪ್ಲೇಟು ಎರಡೂ ಕಾಣುವಂತೆ ಫೋಟೋ ತೆಗೆದು, ಕಂಪನಿಗೆ ತಿಳಿಸಿ, ಕಾರನ್ನು ಎತ್ತಿಸಿಯೇ ಗ್ಯಾರೇಜಿಗೆ ಕಳಿಸಿ.

ಕ್ಲೇಮು ತಿರಸ್ಕರಿಸಿದರೆ ಫೋನಿನಲ್ಲಿ ಜಗಳ ಬೇಡ. ಯಾವ ಷರತ್ತಿನ ಪ್ರಕಾರ ಎಂದು ಬರಹದಲ್ಲಿ ಕೇಳಿ, ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ತಿಂಗಳೊಳಗೆ ಉತ್ತರ ಬಾರದಿದ್ದರೆ, ಬಂದ ಉತ್ತರ ಸರಿ ಎನಿಸದಿದ್ದರೆ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಡ.