ಮನೆಬಳಕೆಯ ನೀರಿನ ಮಿತವ್ಯಯ ಮತ್ತು ಹಿತ್ತಲಿನ ತೆಂಗು

ಹೊಲಕ್ಕೆ ಹಾಯಿಸುವ ನೀರಿನ ಲೆಕ್ಕ ರೈತನಿಗೆ ಬಾಯಿಪಾಠವಾಗಿರುತ್ತದೆ. ಪಂಪು ಎಷ್ಟು ಗಂಟೆ ಓಡಿತು, ಎಷ್ಟು ಸಾಲು ನೆನೆಯಿತು, ಕರೆಂಟು ಯಾವಾಗ ಹೋಯಿತು ಎಂಬುದನ್ನು ಆತ ಥಟ್ಟನೆ ಹೇಳಬಲ್ಲ. ಅದೇ ಮನೆಯೊಳಗೆ ದಿನಕ್ಕೆ ಎಷ್ಟು ಕೊಡ ನೀರು ಖರ್ಚಾಗುತ್ತದೆಂದು ಕೇಳಿದರೆ ಸುಮ್ಮನಾಗುತ್ತಾನೆ. ಉತ್ತರ ಬಲ್ಲವರು ಮನೆಯ ಹೆಂಗಸರು. ಅವರನ್ನು ಯಾರೂ ಕೇಳುವುದಿಲ್ಲ.

ಬಾವಿಯಿಂದಲೋ ಬೋರಿನಿಂದಲೋ ತಲೆಯ ಮೇಲೆ ಹೊತ್ತು ತರುತ್ತಿದ್ದಾಗ ಒಂದೊಂದು ಕೊಡಕ್ಕೂ ಲೆಕ್ಕವಿತ್ತು. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯಲ್ಲಿ ಗ್ರಾಮೀಣ ಮನೆಗಳಿಗೆ ನಲ್ಲಿಯ ಮೂಲಕ ತಲೆಗೆ ದಿನಕ್ಕೆ 55 ಲೀಟರಿನಂತೆ ನೀರು ಕೊಡುವ ಗುರಿಯಿದೆ. ನಲ್ಲಿ ಬಂದ ಕಡೆ ಹೆಂಗಸರ ದುಡಿಮೆ ತಗ್ಗಿತು. ಇದು ಸಂತೋಷದ ಸಂಗತಿ. ಆದರೆ ಹೊರದ ನೀರಿಗೆ ಲೆಕ್ಕವೂ ತಪ್ಪಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಅಂತಹ ವರ್ಷಗಳ ಬೇಸಿಗೆಯಲ್ಲಿ ಹಿತ್ತಲಿನ ತೆಂಗಿಗೆ ಒಂದು ಬಿಂದಿಗೆ ನೀರು ಹಾಕಲೂ ಮನಸ್ಸು ಹಿಂಜರಿಯುತ್ತದೆ. ತೆಂಗಿನ ಹೊಂಬಾಳೆಯು ಹೊರಗೆ ಕಾಣಿಸುವುದಕ್ಕೆ ಎರಡು ವರ್ಷಗಳಿಗೂ ಮುಂಚೆಯೇ ಸುಳಿಯೊಳಗೆ ರೂಪುಗೊಳ್ಳುತ್ತದೆ. ಆದಕಾರಣ ಒಂದು ಬೇಸಿಗೆಯಲ್ಲಿ ಒಣಗಿಸಿದ ಮರ ಮುಂದಿನ ಎರಡು, ಎರಡೂವರೆ ವರ್ಷಗಳವರೆಗೂ ಕಾಯಿ ಕಡಿಮೆ ಕೊಡುತ್ತದೆ. ಈ ಮರವನ್ನು ಬದುಕಿಸುವಷ್ಟು ನೀರು ಪ್ರತಿದಿನ ಬಚ್ಚಲಿನ ಮೂಲಕ ಬೀದಿಗೆ ಹರಿದು ಹೋಗುತ್ತಿರುತ್ತದೆ.

ಮೊದಲು ಅಳತೆ

ಮೂರು ದಿನ ಅಳೆದು ನೋಡುವುದು ಸಾಕು. ಮನೆಯ ಕೊಡ, ಬಕೆಟ್ಟುಗಳು ಎಷ್ಟು ಲೀಟರಿನವು ಎಂದು ಒಮ್ಮೆ ತಿಳಿದುಕೊಂಡು, ಬಳಸಿದಾಗಲೆಲ್ಲ ಗೋಡೆಯ ಮೇಲೆ ಇದ್ದಲಿನಿಂದ ಒಂದು ಗೆರೆ ಎಳೆಯಬೇಕು. ಉದಾಹರಣೆಗೆ, ಐದು ಜನರ ಮನೆಯಲ್ಲಿ ಕುಡಿಯಲು ಮತ್ತು ಅಡಿಗೆಗೆ 40 ಲೀಟರ್, ತಲೆಗೊಂದು ಬಕೆಟ್ಟಿನಂತೆ ಸ್ನಾನಕ್ಕೆ 90, ಬಟ್ಟೆಗೆ 60, ಪಾತ್ರೆಗೆ 30, ಶೌಚಕ್ಕೆ 50 ಲೀಟರ್ ಎಂದು ಹಿಡಿದರೆ ಒಟ್ಟು 270 ಲೀಟರ್ ಆಗುತ್ತದೆ. ಇದರಲ್ಲಿ ಸ್ನಾನ, ಬಟ್ಟೆ ಮತ್ತು ಪಾತ್ರೆಗಳ 180 ಲೀಟರ್ ಒಮ್ಮೆ ಬಳಸಿದ ಮೇಲೂ ಹಿತ್ತಲಿಗೆ ಉಳಿಯುವ ನೀರು.

ಅಳತೆಗೆ ಇಳಿದಾಗ ಕೆಲವು ದುಂದುಗಳು ತಾವಾಗಿಯೇ ಕಣ್ಣಿಗೆ ಬೀಳುತ್ತವೆ. ಸೆಕೆಂಡಿಗೆ ಒಂದು ಹನಿ ತೊಟ್ಟಿಕ್ಕುವ ನಲ್ಲಿಯಿಂದ ದಿನಕ್ಕೆ 4 ಲೀಟರಿಗೂ ಹೆಚ್ಚು, ತಿಂಗಳಿಗೆ ಸುಮಾರು 130 ಲೀಟರ್ ಪೋಲಾಗುತ್ತದೆ. ಬಹಳಷ್ಟು ಸಲ ಬೇಕಾಗುವುದು ಒಂದು ಹೊಸ ವಾಷರು ಮಾತ್ರ. ಹಂಡೆಯ ಮುಂದೆ ಕುಳಿತು ಚೊಂಬಿನಲ್ಲಿ ಮೊಗೆದು ಸುರಿದುಕೊಳ್ಳುವವರು ಹಂಡೆಯ ತಳ ಕಂಡ ಮೇಲೆಯೇ ಎದ್ದು ಬರುವುದುಂಟು. ಬಿಸಿನೀರನ್ನು ಬಕೆಟ್ಟಿಗೆ ತೋಡಿಕೊಂಡು ಸ್ನಾನ ಮಾಡಿದರೆ ನೀರೂ ಉಳಿಯುತ್ತದೆ, ಸೌದೆಯೂ ಉಳಿಯುತ್ತದೆ.

ನಿನ್ನೆಯ ನೀರು ಹಳಸುವುದಿಲ್ಲ

ನಲ್ಲಿಯಲ್ಲಿ ಎರಡು ಮೂರು ದಿನಗಳಿಗೊಮ್ಮೆ ನೀರು ಬರುವ ಊರುಗಳಲ್ಲಿ ಒಂದು ರೂಢಿಯಿದೆ. ಹೊಸ ನೀರು ಬಂದ ಕೂಡಲೇ ಪಾತ್ರೆಗಳಲ್ಲಿ ಉಳಿದ ನೀರನ್ನು 'ಹಳೇ ನೀರು' ಎಂದು ಚೆಲ್ಲಿ ತುಂಬಿಕೊಳ್ಳುವುದು. ನಾಲ್ಕು ಕೊಡ ಚೆಲ್ಲಿದರೆ 60 ಲೀಟರ್. ಒಂದು ತೆಂಗಿನ ಮರದ ಒಂದು ದಿನದ ನೀರಿಗಿಂತ ಹೆಚ್ಚೇ ಆಯಿತು. ನೀರು ಅನ್ನ ಸಾರಿನಂತೆ ಹಳಸುವ ಪದಾರ್ಥವಲ್ಲ. ಅದು ಕೆಡುವುದು ಕೈ ಅದ್ದುವುದರಿಂದ, ಮುಚ್ಚದೆ ಇಡುವುದರಿಂದ. ತೊಳೆದ ಪಾತ್ರೆಯಲ್ಲಿ ತುಂಬಿ, ಮುಚ್ಚಳ ಹಾಕಿ, ಉದ್ದ ಹಿಡಿಯ ಸೌಟಿನಿಂದ ತೆಗೆದುಕೊಂಡರೆ ಎರಡು ಮೂರು ದಿನ ಧಾರಾಳವಾಗಿ ಬಳಸಬಹುದು. ಸಂದೇಹವಿದ್ದರೆ ಕುಡಿಯುವ ನೀರನ್ನು ಕುದಿಸಿ ಆರಿಸಬೇಕು. ಪಾವಗಡದಂತಹ ಫ್ಲೋರೈಡ್ ಇರುವ ಕಡೆಗಳಲ್ಲಿ ಮಾತ್ರ ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ ಎಂಬುದು ನೆನಪಿರಲಿ.

ತೊಟ್ಟಿ ಮತ್ತು ಡ್ರಮ್ಮುಗಳನ್ನು ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಲೇಬೇಕು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಇಂತಹ ತಿಳಿನೀರಿನಲ್ಲಿಯೇ. ಆದರೆ ಉಜ್ಜುವ ದಿನವನ್ನು ನೀರು ತಳ ಮುಟ್ಟಿದ ದಿನಕ್ಕೆ ಇಟ್ಟುಕೊಂಡು, ಉಳಿದದ್ದನ್ನು ಕೊಟ್ಟಿಗೆ ತೊಳೆಯಲು ಬಳಸಬೇಕು.

ಬಟ್ಟೆ ಜಾಲಿಸುವ ಲೆಕ್ಕ

ಹಿಂಡಿದ ಬಟ್ಟೆಯ ರಾಶಿಯಲ್ಲಿ 2 ಲೀಟರ್ ಸೋಪಿನ ನೀರು ಉಳಿದಿದೆಯೆಂದು ಇಟ್ಟುಕೊಳ್ಳೋಣ. ಅದನ್ನು ಒಂದೇ ಸಲ 20 ಲೀಟರ್ ನೀರಿನಲ್ಲಿ ಜಾಲಿಸಿ ಹಿಂಡಿದರೆ ಹನ್ನೊಂದರಲ್ಲಿ ಒಂದು ಪಾಲು ಸೋಪು ಬಟ್ಟೆಯಲ್ಲೇ ಉಳಿಯುತ್ತದೆ. ಅದೇ 20 ಲೀಟರನ್ನು ಹತ್ತು ಹತ್ತಾಗಿ ಎರಡು ಸಲ ಬಳಸಿದರೆ ಉಳಿಯುವುದು ಮೂವತ್ತಾರರಲ್ಲಿ ಒಂದು ಪಾಲು. ಚೌಳು ಜಮೀನಿನಲ್ಲಿ ನೀರು ನಿಲ್ಲಿಸಿ ಬಸಿಯುವವರಿಗೆ ಈ ತತ್ವ ಹೊಸದೇನಲ್ಲ. ಪಾತ್ರೆ ತೊಳೆಯುವುದಕ್ಕೂ ಇದೇ ಲೆಕ್ಕ: ಬಿಟ್ಟ ನಲ್ಲಿಯ ಕೆಳಗೆ ತೊಳೆಯುವುದಕ್ಕಿಂತ ಎರಡು ಬೋಗುಣಿಗಳಲ್ಲಿ ಒಂದಾದ ಮೇಲೊಂದರಂತೆ ಅದ್ದಿ ತೆಗೆಯುವುದು ಮೇಲು. ಬಟ್ಟೆ ಜಾಲಿಸಿದ ಕೊನೆಯ ನೀರು ಮರುದಿನದ ಬಟ್ಟೆ ನೆನೆಹಾಕಲು ಆಗುತ್ತದೆ.

ಅಕ್ಕಿ, ಬೇಳೆ ತೊಳೆದ ನೀರು ಕಲಗಚ್ಚಿನ ಬಾನಿಗೆ ಹೋಗುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಉಳಿದಿದೆ, ಉಳಿಯಲಿ. ಸೋಪು ಸೇರಿದ ನೀರನ್ನು ಮಾತ್ರ ಬಾನಿಗೆ ಸೇರಿಸಬಾರದು.

ಬಚ್ಚಲ ನೀರು ತೆಂಗಿಗೆ

ಬೇಸಿಗೆಯಲ್ಲಿ ಫಲ ಕೊಡುವ ತೆಂಗಿನ ಮರಕ್ಕೆ 4 ದಿನಗಳಿಗೊಮ್ಮೆ 200 ಲೀಟರ್, ಅಂದರೆ ದಿನಕ್ಕೆ 50 ಲೀಟರಿನಷ್ಟು ನೀರು ಬೇಕು. ಮೇಲಿನ ಮನೆಯ ಸ್ನಾನ ಮತ್ತು ಪಾತ್ರೆಯ 120 ಲೀಟರಿನಿಂದ ಎರಡು ಮರಗಳನ್ನು ನೆಮ್ಮದಿಯಾಗಿ ಕಾಪಾಡಬಹುದು. ಬಟ್ಟೆ ಜಾಲಿಸಿದ ನೀರೂ ಸೇರಿದರೆ ಒಂದೆರಡು ಬಾಳೆ ಹೆಚ್ಚಿಗೆ. ನೀರನ್ನು ಬುಡಕ್ಕೆ ಹತ್ತಿಸಿ ಸುರಿಯದೆ, ಬುಡದಿಂದ ಸುಮಾರು 1.8 ಮೀಟರ್ ತ್ರಿಜ್ಯದ ಒಳಗಿನ ಪಾತಿಗೆ ಹರಡಿ ಬಿಡಬೇಕು. ನೀರು ಹೀರುವ ಬೇರುಗಳು ಹೆಚ್ಚಾಗಿ ಅಲ್ಲಿವೆ. ಪಾತಿಗೆ ತೆಂಗಿನ ಮಟ್ಟೆ ಹೊದಿಸುವಾಗ ಉಬ್ಬು ಭಾಗ ಮೇಲಕ್ಕಿರಲಿ. ಬಚ್ಚಲ ಕಾಲುವೆಯ ಮಧ್ಯೆ ಜಲ್ಲಿ ತುಂಬಿದ ಸಣ್ಣ ಗುಂಡಿಯೊಂದಿದ್ದರೆ ಕೂದಲು, ಜಿಡ್ಡು, ಅನ್ನದ ಅಗುಳು ಅಲ್ಲೇ ನಿಲ್ಲುತ್ತವೆ.

ಇಲ್ಲಿ ಒಂದು ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. 'ನಮ್ಮ ಅಜ್ಜಿಯ ಕಾಲದಿಂದಲೂ ಬಚ್ಚಲ ನೀರು ಬಾಳೆಗೇ ಹೋಗುತ್ತಿದೆ, ಏನೂ ಆಗಿಲ್ಲ' ಎಂಬ ಮಾತು ಸಾಮಾನ್ಯ. ಮಾತು ನಿಜ. ಆದರೆ ಅಜ್ಜಿಯ ಕಾಲದ ನೀರಿನಲ್ಲಿದ್ದುದು ಸೀಗೆಪುಡಿ, ಅಂಟುವಾಳ ಮತ್ತು ಪಾತ್ರೆ ಬೆಳಗಿದ ಒಲೆಯ ಬೂದಿ. ಬೂದಿಯ ಕ್ಷಾರ ಬಹುಮಟ್ಟಿಗೆ ಪೊಟ್ಯಾಷ್; ಅದು ಬಾಳೆಗೂ ತೆಂಗಿಗೂ ಬೇಕಾದ ಆಹಾರವೇ. ಇಂದಿನ ಬಟ್ಟೆ ಸೋಪಿನ ಪುಡಿಯಲ್ಲಿರುವುದು ವಾಷಿಂಗ್ ಸೋಡ ಮೊದಲಾದ ಸೋಡಿಯಂ ಲವಣಗಳು. ಸೋಡಿಯಂ ಜೇಡಿಕಣಗಳ ಹೆಪ್ಪನ್ನು ಒಡೆದು ಮಣ್ಣಿನ ರಂಧ್ರಗಳನ್ನು ಮುಚ್ಚುತ್ತದೆ. ಕೆಂಪು ಮರಳುಮಿಶ್ರಿತ ಮಣ್ಣು ಇದನ್ನು ಬಹಳ ದಿನ ತಾಳಿಕೊಳ್ಳುತ್ತದೆ. ಎರೆಮಣ್ಣು ಅಷ್ಟು ತಾಳುವುದಿಲ್ಲ. ಆದ್ದರಿಂದ ಬಟ್ಟೆ ನೆನೆಹಾಕಿದ ಮೊದಲ ಗಟ್ಟಿ ಸೋಪಿನ ನೀರನ್ನು ಪಾತಿಗೆ ಬಿಡದೆ, ಶೌಚಕ್ಕೆ ಅಥವಾ ಅಂಗಳದ ಕಲ್ಲು ತೊಳೆಯಲು ಉಪಯೋಗಿಸುವುದು ಲೇಸು. ನೀರು ಶುದ್ಧೀಕರಣ ಯಂತ್ರದಿಂದ ಹೊರಬೀಳುವ ಉಪ್ಪಿನ ನೀರಿಗೂ ಇದೇ ಮಾತು.

ಪಾತಿಯ ಮೇಲೆ ಬಿಳಿ ಪದರ ಕಾಣುವುದು, ಮೊದಲು ಬೇಗ ಇಂಗುತ್ತಿದ್ದ ನೀರು ಗಂಟೆಗಟ್ಟಲೆ ನಿಲ್ಲುವುದು, ಬಾಳೆ ಎಲೆಯ ಅಂಚು ಸುಟ್ಟಂತಾಗುವುದು - ಈ ಲಕ್ಷಣಗಳು ಕಂಡರೆ ಆ ಪಾತಿಗೆ ಬಚ್ಚಲ ನೀರನ್ನು ನಿಲ್ಲಿಸಿ ಬೇರೆ ಮರಕ್ಕೆ ತಿರುಗಿಸಬೇಕು. ಜಿಪ್ಸಮ್ ಎಷ್ಟು ಹಾಕಬೇಕೆಂಬುದನ್ನು ಮಣ್ಣು ಪರೀಕ್ಷೆ ಮಾಡಿಸಿಯೇ ತಿಳಿಯಬೇಕು; ಅಂದಾಜಿನ ಮೇಲೆ ಸುರಿಯುವುದು ವ್ಯರ್ಥ ಖರ್ಚು.

ಕೊತ್ತಂಬರಿ, ಮೂಲಂಗಿ, ಸೌತೆ ಮುಂತಾಗಿ ಹಸಿಯಾಗಿ ತಿನ್ನುವ ಬೆಳೆಗಳಿಗೆ ಬಚ್ಚಲ ನೀರು ಸಲ್ಲದು. ಕೈಕೂಸಿನ ಬಟ್ಟೆ ಒಗೆದ ನೀರನ್ನು ಯಾವ ತರಕಾರಿಗೂ ಬಿಡಬಾರದು. ಬಚ್ಚಲ ನೀರನ್ನು ಒಂದು ದಿನಕ್ಕಿಂತ ಹೆಚ್ಚು ಕೂಡಿಡಲೂಬಾರದು, ನಾರುತ್ತದೆ.

ಮಳೆ ಹಿಡಿದ ಮೇಲೆ ಪಾತಿಗೆ ಈ ನೀರು ಬೇಕಿಲ್ಲ. ಆ ನಾಲ್ಕು ತಿಂಗಳು ಮಳೆನೀರು ಪಾತಿಯಲ್ಲಿ ಕೂಡಿದ ಲವಣವನ್ನು ಕೆಳಕ್ಕೆ ಇಳಿಸಲು ಬಿಟ್ಟು, ಕಾಲುವೆಯ ಬಾಯಿಯನ್ನು ಕುಡಿಯುವ ನೀರಿನ ಬಾವಿಯಿಂದ 15 ಮೀಟರಿಗೂ ಆಚೆ ತೋಡಿದ ಇಂಗುಗುಂಡಿಯ ಕಡೆಗೆ ತಿರುಗಿಸಿಕೊಳ್ಳಬೇಕು.