ತುರ್ತು ಚಿಕಿತ್ಸಾ ವಿಭಾಗದಲ್ಲಿ ಎಚ್‌ಐವಿ ಕ್ಷಿಪ್ರ ಪರೀಕ್ಷೆ

ಎಚ್‌ಐವಿ ದೇಹವನ್ನು ಹೊಕ್ಕ ಬಳಿಕ ರೋಗನಿರೋಧಕ ವ್ಯವಸ್ಥೆಯು ಅದರ ವಿರುದ್ಧ ಉತ್ಪಾದಿಸುವ ಪ್ರೋಟೀನುಗಳಿಗೆ ಪ್ರತಿಕಾಯಗಳೆಂದು ಹೆಸರು. ಕ್ಷಿಪ್ರ ಪರೀಕ್ಷೆಯು ರಕ್ತದಲ್ಲಿ ಪತ್ತೆಹಚ್ಚುವುದು ಇವುಗಳನ್ನೇ ಹೊರತು ವೈರಸ್ಸನ್ನಲ್ಲ. ದೊಡ್ಡ ಯಂತ್ರಗಳ ಹಂಗಿಲ್ಲದೆ ಸುಮಾರು 30 ನಿಮಿಷಗಳಲ್ಲಿ ಉತ್ತರ ದೊರೆಯುವುದರಿಂದ ತುರ್ತು ಚಿಕಿತ್ಸಾ ವಿಭಾಗಕ್ಕೆ ಇದು ಒಗ್ಗುತ್ತದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 2006ರಲ್ಲಿಯೇ, ಬೇಡವೆನ್ನದ 13ರಿಂದ 64 ವರ್ಷದ ಎಲ್ಲರಿಗೂ ಇಂಥ ವಿಭಾಗಗಳಲ್ಲಿಯೂ ಎಚ್‌ಐವಿ ತಪಾಸಣೆ ನಡೆಯಲೆಂದು ಶಿಫಾರಸು ಮಾಡಿತ್ತು.

ಭಾರತದಲ್ಲಿ ಮೊದಲ ಹೆಜ್ಜೆ ಸೂಜಿಯಲ್ಲ, ಒಪ್ಪಿಗೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ, ಪರೀಕ್ಷೆಯ ಸ್ವರೂಪವನ್ನು ತಿಳಿಸಿ, ವ್ಯಕ್ತಿಯ ಅಥವಾ ಆತನ ಪ್ರತಿನಿಧಿಯ ತಿಳಿವಳಿಕೆಯ ಸಮ್ಮತಿಯನ್ನು ಪಡೆಯಬೇಕು. ಪರೀಕ್ಷೆ ಮಾಡಿಸಿಕೊಂಡರಷ್ಟೇ ಚಿಕಿತ್ಸೆ ಎಂಬ ಷರತ್ತಿಗೂ ಕಾಯ್ದೆಯಲ್ಲಿ ಅವಕಾಶವಿಲ್ಲ. ಗದ್ದಲದ ವಾರ್ಡಿನಲ್ಲಿ ಈ ಮಾತುಕತೆಯನ್ನು ಪರದೆಯ ಮರೆಗಾದರೂ ನಡೆಸುವುದು ಸಿಬ್ಬಂದಿಯ ಕರ್ತವ್ಯ.

ಬಳಿಕ ಬೆರಳ ತುದಿಯ ಪಕ್ಕಕ್ಕೆ ಚುಚ್ಚಿ, ಮೊದಲ ಹನಿಯನ್ನು ಒರೆಸಿ, ಮುಂದಿನ ಹನಿಯನ್ನು ಕಿಟ್‌ನ ಪಟ್ಟಿಯ ಮೇಲೆ ಹಾಕಿ, ಅದರೊಂದಿಗೆ ಬಂದಿರುವ ದ್ರಾವಣವನ್ನು ಸೇರಿಸಲಾಗುತ್ತದೆ. ಪರೀಕ್ಷೆ ಸರಿಯಾಗಿ ನಡೆದಿದೆಯೆಂದು ಸೂಚಿಸುವ ನಿಯಂತ್ರಣ ಗೆರೆ ಮೂಡದಿದ್ದರೆ ಆ ಕಿಟ್ ಅಸಿಂಧು, ಹೊಸ ಕಿಟ್ ಬೇಕು. ಕಿಟ್‌ನಲ್ಲಿ ನಮೂದಿಸಿದ ಅವಧಿ ಮೀರಿದ ನಂತರ ಓದಿದ ಫಲಿತಾಂಶ ದಾರಿ ತಪ್ಪಿಸಬಹುದು.

ಹೆಚ್ಚು ಎಚ್ಚರ ಬೇಕಾಗಿರುವುದು ಫಲಿತಾಂಶವನ್ನು ಹೇಳುವಾಗ. ಒಂದು ಕಿಟ್‌ನಲ್ಲಿ ಪ್ರತಿಕಾಯಗಳಿವೆಯೆಂದು ಸೂಚಿಸುವ ಗೆರೆ ಮೂಡಿದ ಮಾತ್ರಕ್ಕೆ ಸೋಂಕು ಖಚಿತವಾಗುವುದಿಲ್ಲ; ರೋಗಲಕ್ಷಣವಿಲ್ಲದವರಲ್ಲಿ ಬೇರೆ ಬೇರೆ ಬಗೆಯ ಮೂರು ಕಿಟ್‌ಗಳೂ ಅದನ್ನೇ ತೋರಿಸಬೇಕೆಂಬುದು ರಾಷ್ಟ್ರೀಯ ನಿಯಮ, ಆದ್ದರಿಂದ ಆ ವ್ಯಕ್ತಿಯನ್ನು ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಕ್ಕೆ ಕಳುಹಿಸಬೇಕು. ಆ ಗೆರೆ ಮೂಡದಿದ್ದರೂ ನಿಶ್ಚಿಂತರಾಗುವಂತಿಲ್ಲ, ಏಕೆಂದರೆ ಪ್ರತಿಕಾಯಗಳು ಪತ್ತೆಯಾಗುವಷ್ಟು ಬೆಳೆಯಲು ಹಲವು ವಾರಗಳು ಹಿಡಿಯುತ್ತವೆ. ಸೋಂಕಿಗೆ ಒಡ್ಡಿಕೊಂಡ ಶಂಕೆಯಿರುವವರು ಮೂರು ತಿಂಗಳ ನಂತರ ಮರುಪರೀಕ್ಷೆ ಮಾಡಿಸಿಕೊಳ್ಳಬೇಕು. ತಾಯಿಯ ಪ್ರತಿಕಾಯಗಳು ಮಗುವಿನಲ್ಲಿ ಉಳಿದಿರುವುದರಿಂದ, 18 ತಿಂಗಳೊಳಗಿನ ಶಿಶುಗಳಲ್ಲಿ ಸೋಂಕನ್ನು ಖಚಿತಪಡಿಸಲು ವೈರಸ್ಸಿನ ವಂಶವಾಹಿ ವಸ್ತುವನ್ನೇ ಹುಡುಕುವ ಪರೀಕ್ಷೆ ಅಗತ್ಯ.

ಆಕಸ್ಮಿಕವಾಗಿ ಸೂಜಿ ಚುಚ್ಚಿಸಿಕೊಂಡ ದಾದಿಯಾಗಲಿ, ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಾಗಲಿ ಈ ಗೆರೆಗಾಗಿ ಕಾಯುತ್ತ ಕೂರಬಾರದು. ಸೋಂಕನ್ನು ತಡೆಯುವ ಔಷಧವನ್ನು ಸಾಧ್ಯವಾದರೆ ಎರಡು ಗಂಟೆಯೊಳಗೆ, ತಪ್ಪಿದರೆ 72 ಗಂಟೆಯೊಳಗಾದರೂ ಆರಂಭಿಸಿ 28 ದಿನ ಮುಂದುವರಿಸಬೇಕು. ಎಲ್ಲಿಗೆ ಹೋಗಬೇಕೆಂದು ತಿಳಿಯದವರು ರಾಷ್ಟ್ರೀಯ ಏಡ್ಸ್ ಸಹಾಯವಾಣಿ 1097ಕ್ಕೆ ಉಚಿತವಾಗಿ ಕರೆ ಮಾಡಬಹುದು.